ವಾಹಕ ಲೇಪಿತ ನ್ಯಾನೋ ನಾರು

ವಾಹಕ ಲೇಪಿತ ನ್ಯಾನೋ ನಾರು ಎಂದರೆ ವಿದ್ಯುತ್ತನ್ನು ಹರಿಯಗೊಡುವ ವಸ್ತುವಿನ ತೆಳುಪದರವನ್ನು ಹೊಂದಿರುವ ಅತಿಸೂಕ್ಷ್ಮ ನಾರು. ಇದರ ವ್ಯಾಸ ಸಾಮಾನ್ಯವಾಗಿ 1,000 ನ್ಯಾನೋಮೀಟರ್‌ಗಿಂತ ಕಡಿಮೆ. ಬಾಗಬಲ್ಲ, ಹಗುರವಾದ ಬ್ಯಾಟರಿ ಮತ್ತು ಸೂಪರ್‌ಕೆಪಾಸಿಟರ್‌ಗಳ ವಿದ್ಯುದ್ವಾರಗಳಿಗಾಗಿ ಇದನ್ನು ಅಭಿವೃದ್ಧಿಪಡಿಸಲಾಗುತ್ತಿದೆ.

ತಯಾರಿಕೆ

ಎಲೆಕ್ಟ್ರೋಸ್ಪಿನ್ನಿಂಗ್ ಇದರ ಪ್ರಮುಖ ವಿಧಾನ. ಪಾಲಿಮರ್ ದ್ರಾವಣವನ್ನು ಸೂಜಿಯ ಮೂಲಕ ಹಾಯಿಸಿ ಸಾವಿರಾರು ವೋಲ್ಟ್ ವಿದ್ಯುತ್ ವಿಭವವನ್ನು ಅನ್ವಯಿಸಿದಾಗ ದ್ರವದ ಎಳೆಯು ಹಿಗ್ಗಿ ತೆಳುವಾಗುತ್ತದೆ. ದ್ರಾವಕವು ಆವಿಯಾಗಿ, ಒಣಗಿದ ನಾರು ಎದುರಿನ ಫಲಕದ ಮೇಲೆ ಹಾಸಿನಂತೆ ಸಂಗ್ರಹವಾಗುತ್ತದೆ. ಆಂಟನ್ ಫಾರ್ಮ್‌ಹಾಲ್ಸ್ ಅವರು 1934ರಲ್ಲಿ ಇಂತಹ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಪಡೆದರು.

ಬಳಿಕ ನಾರಿನ ಮೇಲೆ ಪಾಲಿಪಿರೋಲ್, ಪಾಲಿಅನಿಲೀನ್ ಮುಂತಾದ ವಾಹಕ ಪಾಲಿಮರ್ ಅಥವಾ ಕಾರ್ಬನ್ ನ್ಯಾನೋನಳಿಕೆ, ಗ್ರಾಫೀನ್‌ಗಳ ಲೇಪನ ಮಾಡಲಾಗುತ್ತದೆ. ವಾಹಕ ಪಾಲಿಮರ್‌ಗಳ ಆವಿಷ್ಕಾರಕ್ಕಾಗಿ ಹೀಗರ್, ಮ್ಯಾಕ್‌ಡಿಯಾರ್ಮಿಡ್ ಮತ್ತು ಶಿರಾಕಾವಾ ಅವರಿಗೆ 2000ದ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಸೂಪರ್‌ಕೆಪಾಸಿಟರ್‌ನಲ್ಲಿ ವಿದ್ಯುದಾವೇಶವು ವಿದ್ಯುದ್ವಾರದ ಮೇಲ್ಮೈಯಲ್ಲಿ ಅಯಾನುಗಳ ರೂಪದಲ್ಲಿ ಸಂಗ್ರಹವಾಗುತ್ತದೆ. ನಾರು ತೆಳುವಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ವಿಸ್ತೀರ್ಣ ಹೆಚ್ಚುತ್ತದೆ. ನಾರುಗಳ ನಡುವಿನ ರಂಧ್ರಗಳಲ್ಲಿ ವಿದ್ಯುದ್ವಿಚ್ಛೇದ್ಯ ಸುಲಭವಾಗಿ ಒಳಸೇರುತ್ತದೆ. ವಾಹಕ ಪಾಲಿಮರ್ ಮತ್ತು ಲೋಹದ ಆಕ್ಸೈಡ್‌ಗಳು ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆಗೂ ಒಳಗಾಗುವುದರಿಂದ ಸಂಗ್ರಹ ಸಾಮರ್ಥ್ಯ ಇನ್ನಷ್ಟು ಏರುತ್ತದೆ.

ಹತ್ತಿ ಆಧಾರಿತ ನಾರು

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದ ಕಪ್ಪು ಮಣ್ಣಿನಲ್ಲಿ ಹತ್ತಿ ಮುಖ್ಯ ವಾಣಿಜ್ಯ ಬೆಳೆ. ಹತ್ತಿಯ ಎಳೆಯ ಅಗಲ ಹತ್ತಾರು ಮೈಕ್ರೋಮೀಟರ್ ಇರುವುದರಿಂದ ಅದು ನ್ಯಾನೋ ನಾರಲ್ಲ. ಆದರೆ ಅದರ ಬಹುಪಾಲು ಸೆಲ್ಯುಲೋಸ್ ಆಗಿದ್ದು, ಒಳಗಿನ ಸೂಕ್ಷ್ಮ ತಂತುಗಳು ನ್ಯಾನೋ ಗಾತ್ರದವು. ಆಮ್ಲಜನಕವಿಲ್ಲದೆ ಬಿಸಿಮಾಡಿದರೆ ಹತ್ತಿಬಟ್ಟೆ ತನ್ನ ನೇಯ್ಗೆಯನ್ನು ಉಳಿಸಿಕೊಂಡು ಇಂಗಾಲವಾಗುತ್ತದೆ. 2012ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಹತ್ತಿಯ ಟೀ ಶರ್ಟನ್ನು ಹೀಗೆ ಇಂಗಾಲವಾಗಿಸಿ, ಅದರ ಎಳೆಗಳಿಗೆ ಮ್ಯಾಂಗನೀಸ್ ಆಕ್ಸೈಡ್ ಲೇಪಿಸಿ ಬಾಗುವ ಸೂಪರ್‌ಕೆಪಾಸಿಟರ್ ರೂಪಿಸಿದರು. ಆದ್ದರಿಂದ ನೂಲಿಗೆ ಒದಗದ ಗಿಡ್ಡ ಎಳೆ ಹಾಗೂ ಹಳೆಯ ಬಟ್ಟೆಯೂ ಕಚ್ಚಾವಸ್ತುವಾಗಬಲ್ಲವು.

ಮಿತಿಗಳು

ಆವೇಶ ತುಂಬಿ ಖಾಲಿಯಾಗುವಾಗಲೆಲ್ಲ ವಾಹಕ ಪಾಲಿಮರ್ ಉಬ್ಬಿ ಕುಗ್ಗುವುದರಿಂದ ಲೇಪನ ಬಿರುಕುಬಿಡುತ್ತದೆ. ಪದೇ ಪದೇ ಮಡಚುವುದು, ಒಗೆಯುವುದು ಕೂಡ ಪದರವನ್ನು ಸಡಿಲಿಸುತ್ತವೆ. ಸೂಪರ್‌ಕೆಪಾಸಿಟರ್‌ಗಳು ಬೇಗ ಆವೇಶಗೊಂಡರೂ, ಒಂದೇ ತೂಕದಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಿಂತ ಕಡಿಮೆ ಶಕ್ತಿ ಸಂಗ್ರಹಿಸುತ್ತವೆ. ಎಲೆಕ್ಟ್ರೋಸ್ಪಿನ್ನಿಂಗ್‌ನ ನಿಧಾನಗತಿಯೂ ಬೃಹತ್ ಉತ್ಪಾದನೆಗೆ ಅಡ್ಡಿಯಾಗಿದೆ.