ಕೋವಿಯ ಹೊಟ್ಟೆಯಡಿಯ ಎರಡು ಸ್ಕ್ರೂ

ಸೆಪ್ಟೆಂಬರ್ ಮೊದಲ ವಾರ ಬಂತೆಂದರೆ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬ. ಗದ್ದೆ ನಾಟಿ ಮುಗಿಸಿದ ಮನೆಗಳಲ್ಲಿ ಆಯುಧಗಳನ್ನು ಸಾಲಾಗಿಟ್ಟು, ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹಿಂದೆ ಪೂಜೆಯ ನಂತರ ಬೇಟೆಗೆ ಹೊರಡುತ್ತಿದ್ದರು. ಈಗ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. 12 ಬೋರ್, ಏರ್‌ಗನ್, ‘ಪಾಯಿಂಟ್ ಟೂ ಟೂ’ ಎಂದು ವಿಭಾಗಗಳು. ಈ ಕೊನೆಯದರಲ್ಲಿ ಗುರಿ ತಪ್ಪಿದವರು ಕಣ್ಣನ್ನೋ ಕೈಯನ್ನೋ ಗಾಳಿಯನ್ನೋ ದೂರುವುದುಂಟು. ಕೋವಿಯನ್ನು ಬೋರಲು ಹಾಕಿ ಅದರ ಹೊಟ್ಟೆಯಡಿಯ ಸ್ಕ್ರೂ ನೋಡುವವರು ಕಡಿಮೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ನಮ್ಮ ತಿ. ನರಸೀಪುರ, ನಂಜನಗೂಡು ಕಡೆಯವರಿಗೆ ಆ ಭಾಗ್ಯವಿಲ್ಲ. ಆದರೂ ಎನ್‌ಸಿಸಿಯಲ್ಲಿದ್ದವರಿಗೆ ಪಾಯಿಂಟ್ ಟೂ ಟೂ ಪರಿಚಿತವೇ.

ಇದರ ತೋಟಾ ಸಣ್ಣದು. ಗುಂಡಿನ ವ್ಯಾಸ 5.6 ಮಿ.ಮೀ., ತೂಕ ಸುಮಾರು 2.6 ಗ್ರಾಂ. ಸಿಡಿಯುವ ಮದ್ದು ತೋಟಾದ ಬುಡದ ನಡುವೆ ಇರುವುದಿಲ್ಲ, ಬುಡದ ಅಂಚಿನ ಮಡಿಕೆಯೊಳಗೆ ಇರುತ್ತದೆ; ಸೂಜಿ ಆ ಅಂಚನ್ನು ಕುಟ್ಟಿದರೆ ಗುಂಡು ಹಾರುತ್ತದೆ. ರಿಮ್‌ಫೈರ್ ಎಂಬ ಹೆಸರು ಬಂದದ್ದು ಅದರಿಂದ. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ತೋಟಾ ಅಮೆರಿಕದಲ್ಲಿ 1887ರಲ್ಲಿ ಬಂತು. ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದೂ ಇದೇ ತೋಟಾದಲ್ಲಿ. ಅಲ್ಲಿ 50 ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ. ಮಾತ್ರ. ತೆಂಗಿನಕಾಯಿ ಇದರ ಮುಂದೆ ಉದಾರಿ!

ಗುಂಡು ನಿಧಾನದ್ದು, ದೊಡ್ಡ ಬಂದೂಕಿನ ಗುಂಡಿಗಿಂತ ಹೆಚ್ಚು ಹೊತ್ತು, ಎರಡು ಮೂರು ಮಿಲಿಸೆಕೆಂಡ್, ನಳಿಗೆಯೊಳಗೇ ಇರುತ್ತದೆ. ಅಷ್ಟರಲ್ಲಿ ನಳಿಗೆ ನಡುಗುತ್ತದೆ. ಪ್ರತಿ ಸಲವೂ ಒಂದೇ ರೀತಿ ನಡುಗಿದರೆ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆ, ಬೇರೆ ಬೇರೆ ರೀತಿ ನಡುಗಿದರೆ ಚೆದುರುತ್ತವೆ. ನಳಿಗೆ ಮತ್ತು ಯಂತ್ರಭಾಗವನ್ನು ಮರದ ಹಿಡಿಗೆ ಕಟ್ಟಿಡುವುದು ಸಾಮಾನ್ಯವಾಗಿ ಎರಡೇ ಸ್ಕ್ರೂ, ಕೆಲವು ಮಾದರಿಗಳಲ್ಲಿ ಒಂದು ಅಥವಾ ಮೂರು. ಸಡಿಲವಿದ್ದರೆ ಯಂತ್ರಭಾಗ ಒಂದೊಂದು ಗುಂಡಿಗೂ ಒಂದೊಂದು ಜಾಗದಲ್ಲಿ ಕೂರುತ್ತದೆ. ಇದು ಎಲ್ಲರಿಗೂ ಗೊತ್ತು. ಹಾಗಾಗಿಯೇ ಎಲ್ಲರೂ ಹಲ್ಲುಕಚ್ಚಿ ತಿರುಗಿಸುತ್ತಾರೆ. ಆಗ ಮರ ಜಜ್ಜಿಹೋಗುತ್ತದೆ, ಉಕ್ಕಿನ ಭಾಗ ಕೂದಲೆಳೆಯಷ್ಟು ಬಾಗುತ್ತದೆ, ಸ್ಕ್ರೂವಿನ ಎಳೆಯೂ ಕಿತ್ತುಬರಬಹುದು.

ಸೋಮನಾಥಪುರದ ಕೇಶವ ದೇವಾಲಯದಲ್ಲಿ 13ನೇ ಶತಮಾನದ ಕಲ್ಲುಗಳು ಗಾರೆಯಿಲ್ಲದೆ ನಿಂತಿರುವುದು ಒಂದರ ಮೈಗೆ ಇನ್ನೊಂದು ಸರಿಯಾಗಿ ಕೂತಿರುವುದರಿಂದ. ಕೋವಿಯ ವಿಷಯವೂ ಅಷ್ಟೇ. ಸ್ಕ್ರೂ ಕೂತದ್ದನ್ನು ಹಿಡಿದಿಡಬಲ್ಲದು, ಕೂರದ್ದನ್ನು ಕೂರಿಸಲಾರದು. ಪರೀಕ್ಷೆ ಸುಲಭ: ಎರಡೂ ಬಿಗಿದ ಮೇಲೆ ಒಂದನ್ನು ಮೆಲ್ಲಗೆ ಸಡಿಲಿಸಿ, ನಳಿಗೆಗೂ ಮರಕ್ಕೂ ನಡುವೆ ಬೆರಳಿಟ್ಟು ನೋಡಿ. ನಳಿಗೆ ಮೇಲೆದ್ದಂತೆ ತಿಳಿದರೆ ಮರದ ಹಾಸು ಸರಿಯಿಲ್ಲವೆಂದೇ ಅರ್ಥ. ಅದನ್ನು ಹದಗೊಳಿಸಬೇಕೇ ಹೊರತು ಸ್ಕ್ರೂವನ್ನು ಇನ್ನಷ್ಟು ಹಿಂಡಿ ಪ್ರಯೋಜನವಿಲ್ಲ.

ಎಷ್ಟು ಬಿಗಿ? ಬರೀ ಮರದ ಹಿಡಿಯಾದರೆ ಹೆಚ್ಚಿನವರು ನಿಲ್ಲುವುದು 15ರಿಂದ 25 ಇಂಚು-ಪೌಂಡ್‌ನಲ್ಲಿ, ಅಂದರೆ ಸುಮಾರು 1.7ರಿಂದ 2.8 ನ್ಯೂಟನ್ ಮೀಟರ್. ಹತ್ತು ಸೆಂಟಿಮೀಟರ್ ಉದ್ದದ ರೆಂಚಿನ ತುದಿಯನ್ನು ಎರಡು ಕಿಲೋ ತೂಕದಷ್ಟು ಎಳೆದರೆ ಹೆಚ್ಚುಕಡಿಮೆ 2 ನ್ಯೂಟನ್ ಮೀಟರ್. ಎಷ್ಟು ಕಡಿಮೆ ಎಂದು ಆಗ ತಿಳಿಯುತ್ತದೆ. ಅಲ್ಯೂಮಿನಿಯಂ ಹಾಸಿನ ಮೇಲೆ ಕೂರುವ ಸ್ಪರ್ಧೆಯ ರೈಫಲ್‌ಗಳಲ್ಲಿ 5 ನ್ಯೂಟನ್ ಮೀಟರ್‌ವರೆಗೂ ಹೋಗುತ್ತಾರೆ. ಸ್ಕೋಪಿನ ಬಳೆಗಳ ಸ್ಕ್ರೂಗೆ 2ರ ಒಳಗೇ ಸಾಕು. ಟ್ರಿಗರ್ ಗಾರ್ಡಿನದ್ದು ಕೂತರೆ ಮುಗಿಯಿತು. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು.

ಬಿಗಿಯುವ ಕ್ರಮವೂ ಇದೆ. ಕೋವಿಯನ್ನು ಬುಡದ ಮೇಲೆ ನೆಟ್ಟಗೆ ನಿಲ್ಲಿಸಿ, ಯಂತ್ರಭಾಗ ತನ್ನ ಭಾರಕ್ಕೆ ಹಿಂದಕ್ಕೆ ಕೂರುವಂತೆ ಮಾಡಿ, ಮೊದಲು ಮುಂದಿನ ಸ್ಕ್ರೂ, ಆಮೇಲೆ ಹಿಂದಿನದು, ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು. ಎಳೆಗೆ ಎಣ್ಣೆ ಹಚ್ಚಿದ್ದರೆ ಅದೇ ಅಂಕಿಗೆ ಹಿಡಿತ ಹೆಚ್ಚಾಗುತ್ತದೆ, ಅದಕ್ಕೇ ಒರೆಸಿ ಹಾಕುವುದು ಒಳ್ಳೆಯದು. ಇನ್ನು ಕೊಡಗಿನ ಮಳೆ! ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಜೂನ್‌ನಲ್ಲಿ ಬಿಗಿದ ಸ್ಕ್ರೂ ಮಾರ್ಚ್‌ಗೆ ಸಡಿಲವಾದರೆ ಸ್ಕ್ರೂವಿನ ತಪ್ಪಲ್ಲ. ವರ್ಷಕ್ಕೊಮ್ಮೆಯಲ್ಲ, ಋತು ಬದಲಾದಾಗಲೆಲ್ಲ ನೋಡಬೇಕು.

ಇಷ್ಟಕ್ಕೂ ಬೇಕಾದದ್ದು ಅಂಕಿ ತೋರುವ ಒಂದು ಸಣ್ಣ ಟಾರ್ಕ್ ರೆಂಚ್. ಕೈಯ ಅಂದಾಜು ಬೆಳಿಗ್ಗೆಗೊಂದು, ಸಂಜೆಗೊಂದು. ನಿಮ್ಮ ಕೋವಿಗೆ ಹೊಂದುವ ಅಂಕಿ ಸಿಕ್ಕಮೇಲೆ ಅದನ್ನು ಕೈಪಿಡಿಯ ಒಳರಟ್ಟಿನ ಮೇಲೆ ಬರೆದಿಡಿ. ನಳಿಗೆ, ಬೋಲ್ಟ್, ಟ್ರಿಗರಿನ ಒಳಗಿನ ಕೆಲಸ ಮಾತ್ರ ಪರವಾನಗಿಯುಳ್ಳ ಕೋವಿ ಅಂಗಡಿಯವರದ್ದು. ಅದಕ್ಕೆ ಮನೆಯಲ್ಲಿ ಕೈಹಾಕಬೇಡಿ. ಹೊಟ್ಟೆಯಡಿಯ ಸ್ಕ್ರೂ ಮುಟ್ಟುವುದಾದರೂ ಸರಿ, ಮೊದಲು ಬೋಲ್ಟ್ ತೆಗೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ.