ರೋಗ ವಾಸಿ, ರೋಗಿ ಹಾಸಿಗೆಯಲ್ಲಿ

ಊರಿನಿಂದ ಮಗನ ಮನೆಗೆಂದು ಮುಂಬಯಿಗೆ ಬಂದ 78ರ ವಯಸ್ಸಿನ ತಾಯಿಯೊಬ್ಬರು ನ್ಯುಮೋನಿಯಾದಿಂದ ಆಸ್ಪತ್ರೆ ಸೇರುತ್ತಾರೆಂದು ಭಾವಿಸೋಣ. ವಾರದೊಳಗೆ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ. ಆದರೆ ನಡೆದು ಬಂದ ಆ ತಾಯಿ ಈಗ ಎದ್ದು ನಿಲ್ಲಲಾರರು. ರಾತ್ರಿ ಮಗನನ್ನೇ ಗುರುತಿಸದೆ ಕೂಗಾಡುತ್ತಾರೆ. ಇಂತಹ ಪ್ರಸಂಗಗಳು ಅಪರೂಪವಲ್ಲ. ರೋಗ ಕಳೆಯಲೆಂದು ಹೋದೆಡೆಯಲ್ಲಿ ಹೊಸ ತೊಂದರೆ ಹುಟ್ಟುವುದೇಕೆ?

ಯೌವನದಲ್ಲಿ ಪ್ರತಿಯೊಂದು ಅಂಗಕ್ಕೂ ನಿತ್ಯದ ಅಗತ್ಯವನ್ನು ಮೀರಿದ ಶಕ್ತಿ ಇರುತ್ತದೆ. ವಯಸ್ಸಾದಂತೆ ಈ ಮೀಸಲು ನಿಧಿ ಕರಗುತ್ತದೆ. ಮನೆಯ ಪರಿಚಿತ ದಿನಚರಿಯಲ್ಲಿ ಕೊರತೆ ಗೋಚರಿಸದು. ಆಸ್ಪತ್ರೆಯಲ್ಲಿ ಮಾತ್ರ ಆ ನಿಧಿಯ ಮೇಲೆ ಏಕಕಾಲಕ್ಕೆ ಹಲವು ಬೇಡಿಕೆಗಳು ಬಂದೆರಗುತ್ತವೆ.

ಮೊದಲನೆಯದು ಹಾಸಿಗೆ. ಇದರ ಅಪಾಯಗಳ ಬಗ್ಗೆ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ 1947ರಲ್ಲೇ ಎಚ್ಚರಿಸಿದ್ದರು. 2007ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ಹಿರಿಯರು ಕೇವಲ 10 ದಿನ ಹಾಸಿಗೆಯಲ್ಲೇ ಉಳಿದಾಗ ಕಾಲುಗಳ ಮಾಂಸರಾಶಿ ಸರಾಸರಿ ಒಂದು ಕಿಲೋಗ್ರಾಮಿನಷ್ಟು ತಗ್ಗಿತು. ನಿರೋಗಿಗಳ ಸ್ಥಿತಿಯೇ ಹೀಗಾದರೆ ರೋಗಿಗಳ ಪಾಡೇನು? ಬೆನ್ನು, ಹಿಮ್ಮಡಿಗಳಲ್ಲಿ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎದ್ದೊಡನೆ ತಲೆಸುತ್ತಿ ಬಿದ್ದು ಮೂಳೆ ಮುರಿತ ಇವೆಲ್ಲ ಅದರ ಹಿಂದೆಯೇ ಬರಬಹುದು.

ಎರಡನೆಯದು ನಳಿಕೆ ಮತ್ತು ಔಷಧ. ಅಗತ್ಯ ತೀರಿದ ಮೇಲೂ ಉಳಿದ ಮೂತ್ರನಳಿಕೆ ಸೋಂಕಿಗೆ ದಾರಿ. ವೃದ್ಧರ ಮೂತ್ರಪಿಂಡ, ಯಕೃತ್ತುಗಳು ನಿಧಾನವಾಗಿ ಕೆಲಸ ಮಾಡುವುದರಿಂದ ನಿದ್ರೆಯ ಮಾತ್ರೆಯಂತಹ ಔಷಧಗಳ ಪ್ರಭಾವ ದೀರ್ಘಕಾಲ ಉಳಿಯುತ್ತದೆ.

ಮೂರನೆಯದು ಡೆಲಿರಿಯಂ ಎಂಬ ಚಿತ್ತಭ್ರಮೆ. ಸೋಂಕು, ಔಷಧ, ಮುರಿದ ನಿದ್ರೆ, ನೀರಿನ ಕೊರತೆ, ತೆಗೆದಿರಿಸಿದ ಕನ್ನಡಕ ಇವು ಕೂಡಿ ಇದನ್ನು ತರುತ್ತವೆ. ಇದು ಹುಚ್ಚಲ್ಲ, ಮುಪ್ಪಿನ ಮರೆವೂ ಅಲ್ಲ. ಕೆಲವೇ ಗಂಟೆಗಳಲ್ಲಿ ತಲೆದೋರಬಲ್ಲುದು. ಮೌನವಾಗಿ ಮಂಕಾದವರಲ್ಲಿಯೂ ಇರಬಹುದು. ಕಂಡೊಡನೆ ವೈದ್ಯರಿಗೆ ತಿಳಿಸಬೇಕು.

ಇದಕ್ಕೆ ತಡೆಯೂ ಉಂಟು. ಅಮೆರಿಕೆಯ ಯೇಲ್‌ನಲ್ಲಿ ಡಾ. ಶರಾನ್ ಇನೋಯೆ ಮತ್ತು ಸಹೋದ್ಯೋಗಿಗಳು 70 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 852 ರೋಗಿಗಳನ್ನು ಪರಿಶೀಲಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಆರೈಕೆಯಲ್ಲಿ ಶೇಕಡಾ 15 ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಆರೈಕೆಯಲ್ಲಿ ಬಂದದ್ದು ಶೇಕಡಾ 9.9 ಮಂದಿಗೆ. ಆ ವಿಶೇಷ ಆರೈಕೆ ಯಾವುದು? ನಡೆದಾಡಿಸುವುದು, ನೀರು ಕುಡಿಸುವುದು, ನಿದ್ರೆಗೆ ಅನುಕೂಲ ಕಲ್ಪಿಸುವುದು, ಕನ್ನಡಕ ಮತ್ತು ಶ್ರವಣಯಂತ್ರ ಒದಗಿಸುವುದು, ದಿನ ಮತ್ತು ಸ್ಥಳವನ್ನು ನೆನಪಿಸುತ್ತ ಮಾತನಾಡಿಸುವುದು.

ಬಂಧುಗಳು ಪ್ರತಿದಿನ ಕೇಳಬೇಕಾದ ಪ್ರಶ್ನೆಗಳು ಮೂರು: ಇಂದು ಇವರನ್ನು ಎಬ್ಬಿಸಿ ನಡೆಸಬಹುದೇ? ನಳಿಕೆ ಇನ್ನೂ ಬೇಕೇ? ಈ ಎಲ್ಲ ಮಾತ್ರೆಗಳೂ ಅವಶ್ಯವೇ?

ಪರನಾಡಿನ ಕನ್ನಡಿಗರಿಗೆ ಇನ್ನೂ ಒಂದು ಹೊಣೆಯುಂಟು. ದಾದಿಯ ಹಿಂದಿ, ಮರಾಠಿ ತಿಳಿಯದ ಆ ತಾಯಿಗೆ ನೋವೆಲ್ಲಿ ಎಂದು ಹೇಳಲೂ ಸಾಧ್ಯವಿಲ್ಲ. ಬಳಿಯಲ್ಲಿ ಕುಳಿತು, ಇದು ಯಾವ ಊರು, ಇಂದು ಯಾವ ವಾರ ಎಂದು ಕನ್ನಡದಲ್ಲಿ ಹೇಳುವ ಒಬ್ಬರಿದ್ದರೆ ಅದೂ ಚಿಕಿತ್ಸೆಯ ಭಾಗವೇ. ಮನೆಯವರಿಗೆ ರಜೆ ದೊರೆಯದ ದಿನ ನೆರೆಯ ಕನ್ನಡಿಗರೊಬ್ಬರು ಒಂದು ಗಂಟೆ ಕುಳಿತರೂ ಅದು ದೊಡ್ಡ ಉಪಕಾರ.