ಪಾದದ ಮೇಲೊಂದು ಷರಾ

ಸೈನಿಕನ ಚಪ್ಪಟೆ ಪಾದ ಮೊದಲೇ ಇದ್ದದ್ದೋ, ಹೊರೆ ಹೊತ್ತ ನಡಿಗೆಯಿಂದ ಬಂದದ್ದೋ? ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರದ ಮೇಲ್ಮನವಿಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯಿದು. ಉತ್ತರ ಬಹುಮಟ್ಟಿಗೆ ಸೇನೆಗೆ ಸೇರುವಾಗಿನ ವೈದ್ಯಪರೀಕ್ಷೆಯ ಹಾಳೆಯಲ್ಲಿದೆ. ಅಲ್ಲಿ ದೋಷದ ಉಲ್ಲೇಖವಿರದಿದ್ದರೆ ಆತ ಸ್ವಸ್ಥನಾಗಿಯೇ ಸೇರಿದನೆಂದು ಕಾನೂನು ಭಾವಿಸುತ್ತದೆ; ಅಲ್ಲವೆಂದು ನಿಸ್ಸಂದಿಗ್ಧವಾಗಿ ಸಾಧಿಸುವ ಹೊಣೆ ಸರ್ಕಾರದ್ದು. ಉಲ್ಲೇಖವಿದ್ದರೋ, ಸೇವೆಯಲ್ಲಿ ಅದು ಉಲ್ಬಣಿಸಿತೆಂದು ತೋರಿಸುವ ಭಾರ ಸೈನಿಕನ ಮೇಲೆ. ಪಾಠಾಂತರಗಳ ಹುಡುಕಾಟದಲ್ಲೇ ಆಯುಷ್ಯ ಕಳೆದ ನನಗೂ, ಅವಸರದಲ್ಲಿ ಗೀಚಿದ ಒಂದು ಪದಕ್ಕೆ ಇಷ್ಟು ತೂಕವಿರುವುದು ಭಯ ಹುಟ್ಟಿಸುತ್ತದೆ.

ಗೆದ್ದವನಿಗೂ ಅಳತೆಗೋಲಿದೆ: ಎರಡೂ ಪಾದಗಳಿಗೆ ಶೇಕಡಾ 50ರವರೆಗೆ; ಮೆಟ್ಟಿನೊಳಗಿನ ಆಸರೆಯಿಂದ ನೋವು ತಗ್ಗಿದರೆ ಸೊನ್ನೆ! ಸೋತವನು 2019ರಿಂದ ಜಾರಿಯಲ್ಲಿರುವ ಪದ್ಧತಿಯಂತೆ ಹಿರಿಯ ಅಧಿಕಾರಿಯ ಮರುಪರಿಶೀಲನೆ ಕೇಳಬಹುದು, ಹೊಸ ಸಾಕ್ಷ್ಯ ತರಬಹುದು, ಇಲ್ಲವೇ ಮೇಲ್ಮನವಿ ಮಂಡಳಿಗೆ ಹೋಗಬಹುದು. ಹಾಳೆ ಏನೇ ಹೇಳಲಿ, ಕವಾಯತಿನ ಬಳಿಕ ಪಾದ ಹೇಗೆ ನೊಂದಿತೆಂದು ಸೈನಿಕ ಸ್ವಂತ ಮಾತಿನಲ್ಲಿ ನುಡಿದದ್ದೂ ಅಲ್ಲಿ ಸಾಕ್ಷ್ಯವೇ.